ಭಾಷೆ ಬದಲಿಸುವ ಗುಂಡಿ ಕಾಣೆಯಾದರೆ ಕಂಪ್ಯೂಟರಿಗೆ ವೈರಸ್ ಬಂದಿದೆ ಎಂದರ್ಥವೇ?

ಕಂಪ್ಯೂಟರಿನಲ್ಲಿ ಕನ್ನಡ ಟೈಪ್ ಮಾಡುವವರಿಗೆ ಪರದೆಯ ಕೆಳಗಿನ ಬಲಮೂಲೆ ಚೆನ್ನಾಗಿ ಗೊತ್ತು. ಗಡಿಯಾರದ ಪಕ್ಕದಲ್ಲಿ ಇ ಎನ್ ಜಿ ಎಂಬ ಮೂರಕ್ಷರವೋ, ಆ ಹೊತ್ತಿಗೆ ಆರಿಸಿಕೊಂಡ ಭಾಷೆಯ ಗುರುತೋ ಇರುತ್ತದೆ. ಅದರ ಮೇಲೆ ಕ್ಲಿಕ್ ಮಾಡಿದರೆ ಇಂಗ್ಲಿಷ್ ಹೋಗಿ ಕನ್ನಡ ಬರುತ್ತದೆ. ಒಂದು ದಿನ ನೋಡಿದರೆ ಆ ಗುರುತೇ ಇಲ್ಲ. ಅರ್ಜಿ ಇವತ್ತೇ ಟೈಪ್ ಆಗಬೇಕು, ಶಾಲೆಯ ಪ್ರಶ್ನೆಪತ್ರಿಕೆ ನಾಳೆ ಮುದ್ರಣಕ್ಕೆ ಹೋಗಬೇಕು. ಗಾಬರಿಯಲ್ಲಿ ವಾಟ್ಸ್ಆ್ಯಪ್ ಗುಂಪಿನಲ್ಲಿ ಕೇಳಿದರೆ ಉತ್ತರಗಳು ಸಾಲುಗಟ್ಟಿ ಬರುತ್ತವೆ. ಅದು ವೈರಸ್ ಎಂದು ಒಬ್ಬರು, ಫಾರ್ಮ್ಯಾಟ್ ಮಾಡಿಸದೆ ಸರಿಹೋಗುವುದಿಲ್ಲ ಎಂದು ಇನ್ನೊಬ್ಬರು. ಮೂರನೆಯವರು ಯಾವುದೋ ಲಿಂಕ್ ಕಳಿಸಿ, ಈ ಫೈಲ್ ಹಾಕಿಕೊಂಡರೆ ಕನ್ನಡ ವಾಪಸ್ ಬರುತ್ತದೆ ಎನ್ನುತ್ತಾರೆ.

ಮೊದಲೇ ಹೇಳಿಬಿಡೋಣ: ಈ ಗುಂಡಿ ಕಾಣೆಯಾಗುವುದು ಬಹುತೇಕ ಸಂದರ್ಭಗಳಲ್ಲಿ ಒಂದು ಸಣ್ಣ ಸೆಟ್ಟಿಂಗ್ ಬದಲಾದದ್ದರಿಂದ. ಅದರಿಂದ ಕಂಪ್ಯೂಟರಿಗೆ ಯಾವ ಹಾನಿಯೂ ಇಲ್ಲ. ಹಾನಿಯಾಗುವುದಿದ್ದರೆ ಅದು ಗುಂಪಿನಲ್ಲಿ ಬರುವ ಪರಿಹಾರಗಳಿಂದ. ಹೇಗೆ ಎಂದು ತಿಳಿಯಬೇಕಾದರೆ, ಒಂದು ಕೀಲಿ ಒತ್ತಿದಾಗ ಒಳಗೆ ಏನು ನಡೆಯುತ್ತದೆ ಎಂಬುದನ್ನು ಸ್ವಲ್ಪ ನೋಡಬೇಕು.

ಕೀಬೋರ್ಡಿಗೆ ಯಾವ ಭಾಷೆಯೂ ಬರುವುದಿಲ್ಲ. ಕೀಲಿಯ ಮೇಲೆ ಎಚ್ ಎಂದು ಅಚ್ಚಾಗಿರುತ್ತದೆ, ನಿಜ. ಆದರೆ ಅದನ್ನು ಒತ್ತಿದಾಗ ಕಂಪ್ಯೂಟರಿಗೆ ಹೋಗುವುದು ಎಚ್ ಅಕ್ಷರವಲ್ಲ, ಒಂದು ಸಂಖ್ಯೆ. ವಿಂಡೋಸ್ ಲೆಕ್ಕದಲ್ಲಿ ಆ ಕೀಲಿಯ ಸಂಖ್ಯೆ 35. ಈ 35 ಬಂದರೆ ಪರದೆಯ ಮೇಲೆ ಏನು ಮೂಡಿಸಬೇಕು ಎಂದು ಹೇಳುವ ಒಂದು ಕೋಷ್ಟಕ ಒಳಗಿರುತ್ತದೆ. ಅದಕ್ಕೆ ಕೀಬೋರ್ಡ್ ವಿನ್ಯಾಸ ಎನ್ನುತ್ತಾರೆ. ಇಂಗ್ಲಿಷ್ ವಿನ್ಯಾಸದಲ್ಲಿ 35 ಎಂದರೆ ಎಚ್. ಸರ್ಕಾರಿ ಮಾನಕವಾದ ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ ಅದೇ 35 ಎಂದರೆ 'ಪ'. ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ ನುಡಿಯಲ್ಲಾದರೆ 'ಹ'. ಕೀಲಿ ಒಂದೇ, ಸಂಖ್ಯೆ ಒಂದೇ, ಕೋಷ್ಟಕ ಮಾತ್ರ ಬೇರೆ.

ಭಾಷೆ ಬದಲಿಸುವ ಗುಂಡಿ ಮಾಡುವ ಕೆಲಸ ಇಷ್ಟೇ: ಈಗ ಯಾವ ಕೋಷ್ಟಕ ಚಾಲ್ತಿಯಲ್ಲಿದೆ ಎಂದು ತೋರಿಸುವುದು, ಇನ್ನೊಂದು ಬೇಕೆಂದರೆ ಅದನ್ನು ಮುಂದೆ ತರುವುದು. ಅದೊಂದು ನಾಮಫಲಕ. ಅಂಗಡಿಯ ಬೋರ್ಡು ಗಾಳಿಗೆ ಹಾರಿಹೋದರೆ ಒಳಗಿನ ಸಾಮಾನು ಹಾರಿಹೋಗುವುದಿಲ್ಲವಲ್ಲ, ಹಾಗೆ. ಗುಂಡಿ ಕಾಣದಿದ್ದರೂ ಕನ್ನಡದ ಕೋಷ್ಟಕ ಒಳಗೇ ಇರುವ ಸಾಧ್ಯತೆ ಹೆಚ್ಚು. ಇದನ್ನು ಪರೀಕ್ಷಿಸಲು ಅರ್ಧ ನಿಮಿಷ ಸಾಕು. ನೋಟ್‌ಪ್ಯಾಡ್ ತೆರೆಯಿರಿ. ವಿಂಡೋಸ್ ಚಿಹ್ನೆಯಿರುವ ಕೀಲಿಯನ್ನು ಒತ್ತಿ ಹಿಡಿದು ಸ್ಪೇಸ್ ಬಾರ್ ತಟ್ಟಿ. ವಿಂಡೋಸ್ 10 ಅಥವಾ 11 ಆಗಿದ್ದು, ಭಾಷೆಗಳ ಪುಟ್ಟ ಪಟ್ಟಿಯೊಂದು ತೆರೆದುಕೊಂಡು ಅದರಲ್ಲಿ ಕನ್ನಡ ಕಂಡರೆ ನಿಮ್ಮ ಕನ್ನಡ ಎಲ್ಲಿಗೂ ಹೋಗಿಲ್ಲ. ಎಡಗಡೆಯ ಆಲ್ಟ್ ಮತ್ತು ಶಿಫ್ಟ್ ಕೀಲಿಗಳನ್ನು ಒಟ್ಟಿಗೆ ಒತ್ತುವ ಹಳೆಯ ಉಪಾಯವೂ ಸಾಮಾನ್ಯವಾಗಿ ಕೆಲಸ ಮಾಡುತ್ತದೆ. ತುರ್ತಿನ ಕೆಲಸವನ್ನು ಹೀಗೆ ಮುಗಿಸಿಕೊಂಡು ಗುಂಡಿಯನ್ನು ನಿಧಾನವಾಗಿ ಹುಡುಕಬಹುದು.

ಪಟ್ಟಿ ತೆರೆದುಕೊಳ್ಳಲಿಲ್ಲ, ಅಥವಾ ಅದರಲ್ಲಿ ಇಂಗ್ಲಿಷ್ ಒಂದೇ ಇದೆ ಎಂದಾದರೆ? ಆಗ ಗುಂಡಿ ಮರೆಯಾಗಿರುವುದರಲ್ಲಿ ತಪ್ಪೇ ಇಲ್ಲ. ಒಂದೇ ಕೀಬೋರ್ಡ್ ಇದ್ದಾಗ ಬದಲಿಸಲು ಏನೂ ಇರುವುದಿಲ್ಲ, ಹಾಗಾಗಿ ವಿಂಡೋಸ್ ಗುಂಡಿಯನ್ನು ತೋರಿಸುವುದಿಲ್ಲ. ಕನ್ನಡವನ್ನು ಯಾರೋ ಪಟ್ಟಿಯಿಂದ ತೆಗೆದಿರಬಹುದು. ಅದಕ್ಕಿಂತ ಸಾಮಾನ್ಯವಾದ ಕಾರಣ ಇನ್ನೊಂದಿದೆ. ಕೀಬೋರ್ಡುಗಳ ಪಟ್ಟಿ ಇರುವುದು ಕಂಪ್ಯೂಟರಿಗೆ ಒಂದಲ್ಲ, ಬಳಕೆದಾರರಿಗೆ ಒಂದು. ಕಚೇರಿಯಲ್ಲಿ ನಿಮಗೆ ಹೊಸ ಲಾಗಿನ್ ಕೊಟ್ಟರೆ, ಹಿಂದಿನವರು ಸೇರಿಸಿಕೊಂಡಿದ್ದ ಕನ್ನಡ ನಿಮ್ಮ ಖಾತೆಗೆ ಬರುವುದಿಲ್ಲ. ಯಂತ್ರ ಅದೇ, ಕುರ್ಚಿ ಅದೇ, ಕನ್ನಡ ಮಾತ್ರ ಇಲ್ಲ. ಇದನ್ನು ಕಂಡು ವೈರಸ್ ಎಂದುಕೊಳ್ಳುವವರು ಎಷ್ಟೋ ಮಂದಿ.

ಫಾರ್ಮ್ಯಾಟ್ ಸಲಹೆಯ ತಮಾಷೆ ಇರುವುದೂ ಇಲ್ಲೇ. ಎಲ್ಲವನ್ನೂ ಅಳಿಸಿ ವಿಂಡೋಸನ್ನು ಹೊಸದಾಗಿ ಹಾಕಿದರೆ ಸಿಗುವುದು ಸಾಮಾನ್ಯವಾಗಿ ಇಂಗ್ಲಿಷ್ ಕೀಬೋರ್ಡ್ ಮಾತ್ರ ಇರುವ ಯಂತ್ರ. ಅಂದರೆ ಕನ್ನಡವನ್ನು ಆಮೇಲೂ ಕೈಯಾರೆ ಸೇರಿಸಬೇಕು. ಮೊದಲೇ ಎರಡು ನಿಮಿಷದಲ್ಲಿ ಮಾಡಬಹುದಾಗಿದ್ದ ಕೆಲಸವನ್ನು ಇದ್ದ ಫೋಟೊ, ದಾಖಲೆಗಳನ್ನೆಲ್ಲ ಕಳೆದುಕೊಂಡು ಮಾಡಿದಂತಾಗುತ್ತದೆ.

ಸೇರಿಸುವ ಬಗೆ ಹೀಗೆ. ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್ ತೆರೆದು 'ಟೈಮ್ ಆ್ಯಂಡ್ ಲ್ಯಾಂಗ್ವೇಜ್' ಒಳಗಿನ 'ಲ್ಯಾಂಗ್ವೇಜ್ ಆ್ಯಂಡ್ ರೀಜನ್'ಗೆ ಹೋಗಿ. ಅಲ್ಲಿ ಭಾಷೆ ಸೇರಿಸುವ ಗುಂಡಿ ಒತ್ತಿ ಕನ್ನಡವನ್ನು ಆರಿಸಿ. ಈ ಹಂತದಲ್ಲಿ ಒಂದು ಆಯ್ಕೆ ಕೇಳಬಹುದು: ಕನ್ನಡವನ್ನು ವಿಂಡೋಸ್‌ನ ಪ್ರದರ್ಶನ ಭಾಷೆಯಾಗಿ ಮಾಡಬೇಕೇ ಎಂದು. ಮೆನುಗಳೆಲ್ಲ ಕನ್ನಡದಲ್ಲಿ ಬೇಡ ಎನ್ನುವವರು ಅದರ ಗುರುತು ತೆಗೆದುಬಿಡಿ. ಟೈಪ್ ಮಾಡುವ ಭಾಷೆ ಬೇರೆ, ಕಂಪ್ಯೂಟರ್ ನಿಮ್ಮೊಡನೆ ಮಾತಾಡುವ ಭಾಷೆ ಬೇರೆ. ಕನ್ನಡ ಹಾಕಿದರೆ ಇಡೀ ಕಂಪ್ಯೂಟರ್ ಕನ್ನಡವಾಗಿಬಿಡುತ್ತದೆ ಎಂಬ ಅಂಜಿಕೆಯಿಂದಲೇ ಕೆಲವರು ಇದನ್ನು ಮುಟ್ಟುವುದಿಲ್ಲ.

ಕನ್ನಡ ಸೇರಿದ ಮೇಲೆ ಅದರ ಪಕ್ಕದ ಮೂರು ಚುಕ್ಕಿಗಳನ್ನು ಒತ್ತಿ 'ಲ್ಯಾಂಗ್ವೇಜ್ ಆಪ್ಷನ್ಸ್'ಗೆ ಹೋದರೆ ಕೀಬೋರ್ಡುಗಳ ಪಟ್ಟಿ ಸಿಗುತ್ತದೆ. ಇನ್‌ಸ್ಕ್ರಿಪ್ಟ್ ಬಾರದವರು ಇಲ್ಲಿ ಕನ್ನಡ ಫೊನೆಟಿಕ್ ಕೀಬೋರ್ಡನ್ನು ಸೇರಿಸಿಕೊಳ್ಳಬಹುದು. ಮೈಕ್ರೋಸಾಫ್ಟ್ ಇದನ್ನು 2019ರ ಮೇ ತಿಂಗಳ ವಿಂಡೋಸ್ 10 ಅಪ್‌ಡೇಟ್ ಜೊತೆ, ಕನ್ನಡವೂ ಸೇರಿ 10 ಭಾರತೀಯ ಭಾಷೆಗಳಿಗೆ ಕೊಟ್ಟಿತು. ಉಚ್ಚಾರಣೆಯಂತೆ ಇಂಗ್ಲಿಷ್ ಕೀಲಿಗಳನ್ನು ಒತ್ತುತ್ತಾ ಹೋದರೆ ಕನ್ನಡ ಮೂಡುತ್ತದೆ. ಫೋನಿನಲ್ಲಿ ಹೀಗೆ ಟೈಪಿಸಿ ರೂಢಿಯಾದವರಿಗೆ ಕಲಿಯುವುದೇನೂ ಇಲ್ಲ. ಹಣ ಕೊಡಬೇಕಿಲ್ಲ, ಬೇರೆಲ್ಲಿಂದಲೂ ಇಳಿಸಿಕೊಳ್ಳಬೇಕಿಲ್ಲ. ಇದು ಇದೆಯೆಂಬುದೇ ಬಹಳ ಮಂದಿಗೆ ತಿಳಿಯದಿರುವುದು ಬೇಸರದ ಸಂಗತಿ.

ಇನ್ನು, ಪಟ್ಟಿಯಲ್ಲಿ ಕನ್ನಡವಿದೆ, ಕೀಲಿಗಳಿಂದ ಬದಲಾಗುತ್ತಲೂ ಇದೆ, ಆದರೆ ಗುಂಡಿ ಮಾತ್ರ ಕಾಣುತ್ತಿಲ್ಲ ಎಂಬ ಸ್ಥಿತಿ. ಇದರ ಹಿಂದೆ ಸ್ವಲ್ಪ ಇತಿಹಾಸವಿದೆ. ವಿಂಡೋಸ್ ಎಕ್ಸ್‌ಪಿ ಮತ್ತು 7ರ ಕಾಲದಲ್ಲಿ ಈ ಕೆಲಸಕ್ಕೆ 'ಲ್ಯಾಂಗ್ವೇಜ್ ಬಾರ್' ಎಂಬ ಪಟ್ಟಿಯಿತ್ತು. ಅದನ್ನು ಟಾಸ್ಕ್‌ಬಾರಿನಲ್ಲಿ ಕೂರಿಸಬಹುದಿತ್ತು, ಪರದೆಯ ಮೇಲೆ ತೇಲಿಸಬಹುದಿತ್ತು, ಪೂರ್ತಿ ಅಡಗಿಸಲೂಬಹುದಿತ್ತು. ಆಮೇಲಿನ ವಿಂಡೋಸ್‌ಗಳಲ್ಲಿ ಹೊಸ ಗುಂಡಿ ಬಂತು. ಹಳೆಯದನ್ನು ಬಿಡಲಾರದವರಿಗಾಗಿ ಅದನ್ನೂ ಒಂದು ಆಯ್ಕೆಯಾಗಿ ಉಳಿಸಿದರು. ಗೊಂದಲ ಹುಟ್ಟಿದ್ದು ಇಲ್ಲಿಂದ. ಹಳೆಯ ಪಟ್ಟಿಯ ಆಯ್ಕೆಗೆ ಗುರುತು ಬಿದ್ದರೆ ಹೊಸ ಗುಂಡಿ ಹಿಂದೆ ಸರಿಯುತ್ತದೆ. ಆ ಹಳೆಯ ಪಟ್ಟಿಯೂ 'ಹಿಡನ್', ಅಂದರೆ ಅಡಗಿರಲಿ ಎಂಬ ಸ್ಥಿತಿಯಲ್ಲಿದ್ದರೆ ಎರಡೂ ಕಾಣುವುದಿಲ್ಲ.

ಬಿಡಿಸುವುದು ಸುಲಭ. ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, 'ಟೈಮ್ ಆ್ಯಂಡ್ ಲ್ಯಾಂಗ್ವೇಜ್', 'ಟೈಪಿಂಗ್', ಅದರೊಳಗೆ 'ಅಡ್ವಾನ್ಸ್ಡ್ ಕೀಬೋರ್ಡ್ ಸೆಟ್ಟಿಂಗ್ಸ್'. ವಿಂಡೋಸ್ 10ರಲ್ಲಿ ಇದೇ ಪುಟ 'ಡಿವೈಸಸ್' ಒಳಗಿನ 'ಟೈಪಿಂಗ್' ವಿಭಾಗದ ಕೊನೆಯಲ್ಲಿದೆ. ಅಲ್ಲಿ 'ಡೆಸ್ಕ್‌ಟಾಪ್ ಲ್ಯಾಂಗ್ವೇಜ್ ಬಾರ್' ಬಳಸುವ ಸಾಲಿನ ಮುಂದೆ ಗುರುತಿದ್ದರೆ ತೆಗೆಯಿರಿ, ಹೊಸ ಗುಂಡಿ ಮರಳುತ್ತದೆ. ಹಳೆಯದೇ ಬೇಕೆನ್ನುವವರು ಗುರುತನ್ನು ಹಾಗೇ ಬಿಟ್ಟು, ಕೆಳಗಿನ 'ಲ್ಯಾಂಗ್ವೇಜ್ ಬಾರ್ ಆಪ್ಷನ್ಸ್' ಒತ್ತಿ 'ಡಾಕ್ಡ್ ಇನ್ ದ ಟಾಸ್ಕ್‌ಬಾರ್' ಆರಿಸಬಹುದು. ವಿಂಡೋಸ್ 10 ಬಳಸುವವರು ಇನ್ನೊಂದು ಕಡೆಯೂ ಕಣ್ಣು ಹಾಯಿಸಬೇಕು. 'ಪರ್ಸನಲೈಸೇಷನ್' ಒಳಗಿನ 'ಟಾಸ್ಕ್‌ಬಾರ್' ಪುಟದಲ್ಲಿ ಸಿಸ್ಟಮ್ ಐಕಾನುಗಳನ್ನು ಆನ್-ಆಫ್ ಮಾಡುವ ಕೊಂಡಿಯಿದೆ. ಅಲ್ಲಿ 'ಇನ್‌ಪುಟ್ ಇಂಡಿಕೇಟರ್' ಆಫ್ ಆಗಿದ್ದರೆ ಆನ್ ಮಾಡಿ. (ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಆದರೂ ನಮ್ಮ ಕಚೇರಿ, ಶಾಲೆ, ಡಿಟಿಪಿ ಅಂಗಡಿಗಳಲ್ಲಿ ಅದು ಇನ್ನೂ ಓಡುತ್ತಿದೆ.) ಮ್ಯಾಕ್ ಬಳಸುವವರಿಗೆ ಇದರ ಜಾಗ ಸಿಸ್ಟಮ್ ಸೆಟ್ಟಿಂಗ್ಸ್ ಒಳಗಿನ ಕೀಬೋರ್ಡ್ ವಿಭಾಗದ 'ಇನ್‌ಪುಟ್ ಸೋರ್ಸಸ್'. ಇನ್‌ಪುಟ್ ಮೆನುವನ್ನು ಮೇಲಿನ ಪಟ್ಟಿಯಲ್ಲಿ ತೋರಿಸುವ ಆಯ್ಕೆ ಅಲ್ಲಿದೆ.

ಈ ಗುಂಡಿಯ ಸುತ್ತ ಇರುವ ಅತ್ಯಂತ ಹಳೆಯ ಮಿಥ್ಯೆ ಒಂದು ಫೈಲಿನ ಬಗ್ಗೆ. ಅದರ ಹೆಸರು ಸಿಟಿಎಫ್‌ಮಾನ್. ಕಂಪ್ಯೂಟರಿನಲ್ಲಿ ಓಡುತ್ತಿರುವ ಕಾರ್ಯಕ್ರಮಗಳನ್ನು ತೋರಿಸುವ ಟಾಸ್ಕ್ ಮ್ಯಾನೇಜರ್‌ನಲ್ಲಿ ಇದು 'ಸಿಟಿಎಫ್ ಲೋಡರ್' ಎಂಬ ಹೆಸರಿನಿಂದ ಕಾಣುತ್ತದೆ. ಹೆಸರು ವಿಚಿತ್ರ, ಯಾರೂ ಹಾಕಿದ್ದಲ್ಲ, ಮುಚ್ಚಿದರೆ ಮತ್ತೆ ಬರುತ್ತದೆ. ಇಷ್ಟು ಸಾಕಲ್ಲ ಅನುಮಾನಕ್ಕೆ! ಇದು ವೈರಸ್, ಹುಡುಕಿ ಅಳಿಸಿಹಾಕಿ ಎಂಬ ಸಲಹೆ ಎಕ್ಸ್‌ಪಿ ಕಾಲದಿಂದಲೂ ಓಡಾಡುತ್ತಿದೆ. ವಾಸ್ತವದಲ್ಲಿ ಇದು 2001ರ ಆಫೀಸ್ ಎಕ್ಸ್‌ಪಿ, ವಿಂಡೋಸ್ ಎಕ್ಸ್‌ಪಿಗಳ ಕಾಲದಿಂದ ಮೈಕ್ರೋಸಾಫ್ಟೇ ಕೊಡುತ್ತಿರುವ ಕಾರ್ಯಕ್ರಮ. ಬೇರೆ ಬೇರೆ ಭಾಷೆಗಳ ಟೈಪಿಂಗ್, ಕೈಬರಹ ಗುರುತಿಸುವಿಕೆಯಂಥ ಸೇವೆಗಳನ್ನು ನೋಡಿಕೊಳ್ಳುವುದು ಇದರ ಕೆಲಸ. ಇದನ್ನು ನಿಲ್ಲಿಸಿದರೆ ಭಾಷೆಯ ಗುಂಡಿ ಹೋಗಬಹುದು. ವಿಂಡೋಸ್ 10ರಲ್ಲಂತೂ ಸ್ಟಾರ್ಟ್ ಮೆನುವಿನ ಹುಡುಕಾಟದ ಜಾಗದಲ್ಲಿ ಒಂದಕ್ಷರವೂ ಮೂಡದೆ ಹೋಗಬಹುದು. ವೈರಸ್ ತೆಗೆದೆವು ಎಂದುಕೊಂಡವರು ತೆಗೆದಿರುವುದು ಟೈಪಿಂಗ್ ವ್ಯವಸ್ಥೆಯನ್ನು.

ಹಾಗೆಂದು ಅನುಮಾನ ಪೂರ್ತಿ ಆಧಾರವಿಲ್ಲದ್ದೂ ಅಲ್ಲ. ಕೆಟ್ಟ ಸಾಫ್ಟ್‌ವೇರ್ ಬರೆಯುವವರು ವಿಂಡೋಸ್‌ನ ಸ್ವಂತ ಫೈಲುಗಳ ಹೆಸರನ್ನು ತಮ್ಮದಕ್ಕೆ ಇಟ್ಟುಕೊಳ್ಳುವುದುಂಟು, ಈ ಹೆಸರನ್ನೂ ಬಳಸಿದ್ದಾರೆ. ಅಸಲಿಯೋ ನಕಲಿಯೋ ತಿಳಿಯಲು ಅದರ ಮನೆ ಎಲ್ಲಿದೆ ನೋಡಿ. ಟಾಸ್ಕ್ ಮ್ಯಾನೇಜರ್‌ನಲ್ಲಿ ಸಿಟಿಎಫ್ ಲೋಡರ್ ಮೇಲೆ ಬಲಗುಂಡಿ ಒತ್ತಿ, ಫೈಲ್ ಇರುವ ಜಾಗವನ್ನು ತೆರೆಯುವ ಆಯ್ಕೆ ಆರಿಸಿ. ವಿಂಡೋಸ್ ಫೋಲ್ಡರಿನೊಳಗಿನ ಸಿಸ್ಟಮ್32 ತೆರೆದುಕೊಂಡರೆ ಚಿಂತೆಯಿಲ್ಲ. ಡೌನ್‌ಲೋಡ್ಸ್ ಫೋಲ್ಡರ್‌ನಲ್ಲೋ ಪೆನ್‌ಡ್ರೈವ್‌ನಲ್ಲೋ ಕಂಡರೆ ಆಂಟಿವೈರಸ್ ಓಡಿಸಬೇಕು.

ಅಸಲಿ ಸಿಟಿಎಫ್‌ಮಾನ್ ಯಾವುದೋ ಕಾರಣಕ್ಕೆ ನಿಂತುಹೋಗಿದ್ದರೆ ಮತ್ತೆ ಓಡಿಸಬಹುದು. ವಿಂಡೋಸ್ ಕೀಲಿ ಮತ್ತು ಆರ್ ಕೀಲಿಯನ್ನು ಒಟ್ಟಿಗೆ ಒತ್ತಿದರೆ 'ರನ್' ಎಂಬ ಸಣ್ಣ ಚೌಕ ಬರುತ್ತದೆ. ಅದರಲ್ಲಿ ಸಿ, ಟಿ, ಎಫ್, ಎಂ, ಓ, ಎನ್ ಎಂಬ ಆರು ಇಂಗ್ಲಿಷ್ ಅಕ್ಷರಗಳನ್ನು ಸಾಲಾಗಿ ಟೈಪ್ ಮಾಡಿ ಎಂಟರ್ ಒತ್ತಿ. ತಪ್ಪು ಸಂದೇಶ ಬರದಿದ್ದರೆ ಕೆಲಸ ಆಯಿತು. ಪ್ರತಿ ಸಲ ಕಂಪ್ಯೂಟರ್ ಶುರುವಾದಾಗಲೂ ಹೀಗೇ ಮಾಡಬೇಕಾಗಿ ಬಂದರೆ, ಟಾಸ್ಕ್ ಶೆಡ್ಯೂಲರ್‌ನಲ್ಲಿ ಮೈಕ್ರೋಸಾಫ್ಟ್, ವಿಂಡೋಸ್, 'ಟೆಕ್ಸ್ಟ್ ಸರ್ವಿಸಸ್ ಫ್ರೇಮ್‌ವರ್ಕ್' ಎಂಬ ಫೋಲ್ಡರುಗಳ ಒಳಗೆ ಇರುವ ಕೆಲಸ ನಿಷ್ಕ್ರಿಯವಾಗಿದೆಯೇ ನೋಡಿ, ಆಗಿದ್ದರೆ ಚಾಲೂ ಮಾಡಿ.

ಈ 'ರನ್' ಚೌಕದ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. 2024ರಿಂದೀಚೆಗೆ ವಂಚಕರು ಇದನ್ನೇ ದಾರಿ ಮಾಡಿಕೊಂಡಿದ್ದಾರೆ. ನೀವು ರೋಬಾಟ್ ಅಲ್ಲ ಎಂದು ಸಾಬೀತು ಮಾಡಿ ಎಂದೋ, ನಿಮ್ಮ ಸಮಸ್ಯೆ ಸರಿಪಡಿಸುತ್ತೇವೆ ಎಂದೋ ಒಂದು ಜಾಲತಾಣ ಹೇಳುತ್ತದೆ. ಕ್ಲಿಕ್ ಮಾಡಿದೊಡನೆ ಒಂದು ಆದೇಶವನ್ನು ಸದ್ದಿಲ್ಲದೆ ಕಾಪಿ ಮಾಡಿಡುತ್ತದೆ. ಆಮೇಲೆ ವಿಂಡೋಸ್ ಮತ್ತು ಆರ್ ಒತ್ತಿ, ಕಂಟ್ರೋಲ್ ಮತ್ತು ವಿ ಒತ್ತಿ, ಎಂಟರ್ ಒತ್ತಿ ಎನ್ನುತ್ತದೆ. ನೀವು ಅಂಟಿಸಿದ್ದು ಏನೆಂದು ನಿಮಗೇ ಗೊತ್ತಿರುವುದಿಲ್ಲ. ಎಂಟರ್ ಒತ್ತಿದ ಕ್ಷಣ ಬೇರೆಲ್ಲಿಂದಲೋ ಕದಿಯುವ ಸಾಫ್ಟ್‌ವೇರ್ ಬಂದು ಕೂರುತ್ತದೆ. ಭದ್ರತಾ ತಜ್ಞರು ಇದನ್ನು 'ಕ್ಲಿಕ್‌ಫಿಕ್ಸ್' ಎಂದು ಕರೆಯುತ್ತಾರೆ. ಆರು ಅಕ್ಷರದ ಪರಿಚಿತ ಹೆಸರನ್ನು ಕೈಯಾರೆ ಟೈಪ್ ಮಾಡುವುದು ಒಂದು. ಫಾರ್ವರ್ಡಿನಲ್ಲಿ ಬಂದ ಉದ್ದನೆಯ ಸಾಲನ್ನು ಅಂಟಿಸುವುದು ಇನ್ನೊಂದು. ಎರಡನೆಯದನ್ನು ಯಾರು ಹೇಳಿದರೂ ಮಾಡಬೇಡಿ.

ಗುಂಪಿನಲ್ಲಿ ಬರುವ ಫೈಲುಗಳ ಅಪಾಯವೂ ಇದೇ ಜಾತಿಯದು, ಅದಕ್ಕಿಂತ ಒಂದು ತೂಕ ಹೆಚ್ಚು. ಯೋಚಿಸಿ ನೋಡಿ: ಕನ್ನಡ ಟೈಪಿಂಗ್ ಸಾಫ್ಟ್‌ವೇರ್ ಎಂದರೆ ನೀವು ಒತ್ತುವ ಪ್ರತಿಯೊಂದು ಕೀಲಿಯನ್ನೂ ಮೊದಲು ತಾನು ನೋಡಿ, ಆಮೇಲೆ ಅಕ್ಷರವಾಗಿ ಮುಂದಕ್ಕೆ ಕೊಡುವ ಕಾರ್ಯಕ್ರಮ. ನೋಡುವುದೇ ಅದರ ಕೆಲಸ. ಹಾಗಾಗಿ ಅದು ಪ್ರಾಮಾಣಿಕವಾಗಿರದಿದ್ದರೆ ಬ್ಯಾಂಕಿನ ಪಾಸ್‌ವರ್ಡನ್ನೂ ನೋಡಬಲ್ಲದು. ಆ್ಯಂಡ್ರಾಯ್ಡ್ ಫೋನಿನಲ್ಲಿ ಹೊಸ ಕೀಬೋರ್ಡ್ ಆ್ಯಪ್ ಚಾಲೂ ಮಾಡುವಾಗ, ಇದು ನಿಮ್ಮ ಪಾಸ್‌ವರ್ಡ್, ಕಾರ್ಡ್ ಸಂಖ್ಯೆ ಸೇರಿ ಟೈಪಿಸಿದ್ದನ್ನೆಲ್ಲ ಸಂಗ್ರಹಿಸಬಹುದು ಎಂಬ ಎಚ್ಚರಿಕೆ ಬರುವುದು ಇದೇ ಕಾರಣಕ್ಕೆ. ಗೂಗಲ್ ಇನ್‌ಪುಟ್ ಟೂಲ್ಸ್‌ನ ವಿಂಡೋಸ್ ಆವೃತ್ತಿಯನ್ನು ಗೂಗಲ್ ಕೈಬಿಟ್ಟು ವರ್ಷಗಳೇ ಆಗಿವೆ. ಬ್ರೌಸರಿನಲ್ಲಿ ಬಳಸುವ ರೂಪ ಮಾತ್ರ ಉಳಿದಿದೆ. ಆದ್ದರಿಂದ ಅದರ ಹೆಸರಿನಲ್ಲಿ ಈಗ ಅಲ್ಲಿ ಇಲ್ಲಿ ಸಿಗುವ ಆಫ್‌ಲೈನ್ ಫೈಲ್ ಗೂಗಲ್‌ನಿಂದ ಬಂದದ್ದಲ್ಲ, ಯಾರೋ ಎತ್ತಿಟ್ಟುಕೊಂಡು ಹಂಚುತ್ತಿರುವುದು. ನಡುವೆ ಅದಕ್ಕೆ ಏನು ಸೇರಿದೆಯೋ ಹೇಳುವವರಿಲ್ಲ.

ನುಡಿ ಮತ್ತು ಬರಹ ಬಳಸುವವರ ಕಥೆ ಬೇರೆ. ಕನ್ನಡ ಗಣಕ ಪರಿಷತ್ತಿನ ನುಡಿಯಾಗಲಿ, ಶೇಷಾದ್ರಿವಾಸು ಚಂದ್ರಶೇಖರನ್ 1998ರಲ್ಲಿ ಹೊರತಂದ ಬರಹವಾಗಲಿ ಬೆಳೆದದ್ದು ವಿಂಡೋಸ್‌ನಲ್ಲಿ ಕನ್ನಡಕ್ಕೆ ಸರಿಯಾದ ವ್ಯವಸ್ಥೆ ಬರುವ ಮೊದಲು ಅಥವಾ ಆಸುಪಾಸಿನಲ್ಲಿ. ಹಾಗಾಗಿ ಅವುಗಳಿಗೆ ತಮ್ಮದೇ ಐಕಾನು, ತಮ್ಮದೇ ಬದಲಾವಣೆಯ ಕೀಲಿ ಇದೆ. ನುಡಿಯಲ್ಲಿ ಕನ್ನಡ-ಇಂಗ್ಲಿಷ್ ಬದಲಿಸುವುದು ಸ್ಕ್ರಾಲ್ ಲಾಕ್ ಕೀಲಿಯಿಂದ. ಈಗಿನ ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ಆ ಕೀಲಿಯೇ ಇಲ್ಲ! ಅಂಥವರು ಪರದೆಯ ಮೇಲಿನ ಕೀಬೋರ್ಡ್ ತೆರೆದು ಅಲ್ಲಿಂದ ಅದನ್ನು ಒತ್ತಬಹುದು. ಈ ಸಾಫ್ಟ್‌ವೇರ್‌ಗಳ ಐಕಾನು ಕಾಣದಿದ್ದರೆ ಗಡಿಯಾರದ ಪಕ್ಕದ ಮೇಲ್ಮುಖ ಬಾಣವನ್ನು ಒತ್ತಿ ನೋಡಿ, ಒಳಗೆ ಅವಿತಿರಬಹುದು. ವಿಂಡೋಸ್‌ನ ಭಾಷಾ ಸೆಟ್ಟಿಂಗ್ ಎಷ್ಟು ತಡಕಾಡಿದರೂ ಅವು ಅಲ್ಲಿ ಸಿಗುವುದಿಲ್ಲ.

ಮತ್ತೊಂದು ಗೊಂದಲವನ್ನು ಇಲ್ಲೇ ಬಿಡಿಸಿಬಿಡೋಣ. ಕನ್ನಡ ಹೋಯಿತು ಎಂದು ಜನ ಹೇಳುವಾಗ ಅದು ಮೂರು ಬೇರೆ ಬೇರೆ ತೊಂದರೆ ಆಗಿರಬಹುದು. ಟೈಪ್ ಮಾಡಲು ಆಗುತ್ತಿಲ್ಲ ಎಂದರೆ ಮೇಲೆ ಹೇಳಿದ ಕೋಷ್ಟಕದ ಮಾತು. ಅಕ್ಷರಗಳ ಬದಲು ಖಾಲಿ ಚೌಕಗಳು ಕಾಣುತ್ತಿವೆ ಎಂದರೆ ಫಾಂಟ್ ಇಲ್ಲ ಎಂದರ್ಥ. ತಲೆಯ ಮೇಲೆ ಗೆರೆ-ಚುಕ್ಕಿ ಹೊತ್ತ ಇಂಗ್ಲಿಷ್ ಅಕ್ಷರಗಳು, ನಡುನಡುವೆ ಪೌಂಡಿನ ಗುರುತು ಕಂಡರೆ ಅದು ಯೂನಿಕೋಡ್ ಅಲ್ಲದ ಹಳೆಯ ನುಡಿ-ಬರಹ ಕಡತ. ಅದಕ್ಕೆ ಆ ಫಾಂಟೇ ಬೇಕು, ಇಲ್ಲವೇ ಯೂನಿಕೋಡಿಗೆ ಪರಿವರ್ತಿಸಬೇಕು. ಈ ಕೊನೆಯ ಎರಡಕ್ಕೂ ಭಾಷೆಯ ಗುಂಡಿಗೂ ಸಂಬಂಧವಿಲ್ಲ.

ಗುಂಡಿ ಕಾಣದಿದ್ದಾಗ ಆಗುವ ನಿಜವಾದ ಪೇಚಾಟ ಏನೆಂದರೆ, ಈಗ ಯಾವ ಭಾಷೆ ಚಾಲ್ತಿಯಲ್ಲಿದೆ ಎಂದು ಗೊತ್ತಾಗದಿರುವುದು. ಬೆರಳು ತಗಲಿ ಆಲ್ಟ್-ಶಿಫ್ಟ್ ಒತ್ತಿಹೋದರೆ ಭಾಷೆ ತಾನಾಗಿ ಬದಲಾದಂತೆ ತೋರುತ್ತದೆ. ಪಾಸ್‌ವರ್ಡ್ ಹಾಕುವಾಗ ಇದು ತಲೆನೋವು. ಬರೆದದ್ದು ಚುಕ್ಕಿಗಳಾಗಿ ಕಾಣುವುದರಿಂದ, ಕೋಷ್ಟಕ ಬೇರೆಯಾಗಿದ್ದರೆ ಸರಿಯಾದ ಪಾಸ್‌ವರ್ಡೂ ತಪ್ಪು ಎನಿಸಿಕೊಳ್ಳುತ್ತದೆ. ಅಕೌಂಟ್ ಹ್ಯಾಕ್ ಆಯಿತೆಂದು ಹೆದರುವ ಮುನ್ನ ಪಾಸ್‌ವರ್ಡ್ ಪಕ್ಕದ ಕಣ್ಣಿನ ಚಿತ್ರವನ್ನು ಒತ್ತಿ ಏನು ಮೂಡಿದೆ ನೋಡಿ. ಲಾಗಿನ್ ಪರದೆಯ ಕೆಳಮೂಲೆಯಲ್ಲೂ, ಒಂದಕ್ಕಿಂತ ಹೆಚ್ಚು ಕೀಬೋರ್ಡ್ ಇದ್ದರೆ, ಭಾಷೆ ಬದಲಿಸುವ ಗುಂಡಿ ಇರುತ್ತದೆ.

ಇಂಗ್ಲಿಷಿನೊಳಗೇ ಇಂಥದ್ದಾಗುತ್ತದೆ. ಶಿಫ್ಟ್ ಜೊತೆ 2 ಒತ್ತಿದರೆ @ ಬರುವ ಬದಲು ಉದ್ಧರಣ ಚಿಹ್ನೆ ಬರುತ್ತಿದೆ, ಕೀಬೋರ್ಡ್ ಕೆಟ್ಟಿದೆ ಎಂದು ಲ್ಯಾಪ್‌ಟಾಪನ್ನು ರಿಪೇರಿಗೆ ಒಯ್ಯುವವರಿದ್ದಾರೆ. ಕೀಬೋರ್ಡ್ ನೆಟ್ಟಗೇ ಇದೆ. ಅಮೆರಿಕದ ವಿನ್ಯಾಸದ ಜಾಗಕ್ಕೆ ಬ್ರಿಟನ್ನಿನ ವಿನ್ಯಾಸ ಬಂದು ಕೂತಿದೆ, ಅಷ್ಟೆ. ಅದರಲ್ಲಿ ಈ ಎರಡು ಗುರುತುಗಳು ಜಾಗ ಬದಲಿಸಿಕೊಂಡಿರುತ್ತವೆ. ಪಟ್ಟಿಯಿಂದ ಅದನ್ನು ತೆಗೆದರೆ ಮುಗಿಯಿತು. ಭಾರತದ ಇಂಗ್ಲಿಷ್ ಎಂಬ ವಿನ್ಯಾಸವನ್ನು ಇಟ್ಟುಕೊಂಡರೆ ಬಲಗಡೆಯ ಆಲ್ಟ್ ಜೊತೆ 4 ಒತ್ತಿ ರೂಪಾಯಿಯ ₹ ಗುರುತನ್ನೂ ಪಡೆಯಬಹುದು.

ಫೋನಿನಲ್ಲೂ ಲೆಕ್ಕಾಚಾರ ಇದೇ. ಜೀಬೋರ್ಡಿನಲ್ಲಿ ಭೂಗೋಳದ ಚಿತ್ರ ಕಾಣೆಯಾದರೆ ಮೊದಲು ಅದರ ಸೆಟ್ಟಿಂಗ್ಸ್‌ನ ಭಾಷೆಗಳ ಪಟ್ಟಿಯಲ್ಲಿ ಕನ್ನಡ ಇದೆಯೇ ನೋಡಿ. ಇದ್ದೂ ಕಾಣದಿದ್ದರೆ 'ಪ್ರಿಫರೆನ್ಸಸ್' ವಿಭಾಗದಲ್ಲಿ ಭಾಷೆ ಬದಲಿಸುವ ಕೀಲಿಯನ್ನು ತೋರಿಸುವ ಆಯ್ಕೆಯನ್ನು ಆನ್ ಮಾಡಿ. ಅಷ್ಟು ಹುಡುಕುವ ವ್ಯವಧಾನ ಇಲ್ಲದಿದ್ದರೆ ಸ್ಪೇಸ್ ಬಾರ್ ಮೇಲೆ ಬೆರಳು ಒತ್ತಿಹಿಡಿದು ನೋಡಿ, ಕೀಬೋರ್ಡುಗಳ ಪಟ್ಟಿ ತೆರೆದುಕೊಳ್ಳುತ್ತದೆ.